ಒಂದು ಮ್ಯಾಪ್‌ಗೆ ಎಷ್ಟು ತುಂಬ್ತೀರಾ?

ನಮ್ಮ ಪ್ರಾಜೆಕ್ಟ್ ಪೋಸ್ಟರ್‌ಗಳಲ್ಲಿ ಮ್ಯಾಪ್ ಎರಡೇ ಥರ. ಒಂದೋ ತಾಲ್ಲೂಕಿಗೊಂದು ಬಣ್ಣ ಬಳಿದು ಕೈತೊಳೆದಿರ್ತಾರೆ, ಇಲ್ಲಾ ಕ್ಯೂಜಿಐಎಸ್‌ನಲ್ಲಿ ಸಿಕ್ಕ ಲೇಯರ್‌ಗಳನ್ನೆಲ್ಲ ಪೇರಿಸಿರ್ತಾರೆ. ಮೊದಲನೆಯದು ಏನೂ ಹೇಳಲ್ಲ, ಎರಡನೆಯದನ್ನ ಯಾರೂ ಓದಲ್ಲ. ನನ್ನ ಪ್ರಕಾರ ಬಣ್ಣಕ್ಕೆ ಎರಡು ವೇರಿಯಬಲ್ ಸಾಕು. ಆದ್ರೆ ಅವೆರಡೂ ಒಂದಕ್ಕೊಂದು ಜಗಳ ಆಡುವಂಥವು ಆಗಿರಬೇಕು.

ಕಡಬ ತಗೊಳ್ಳಿ (ದಕ್ಷಿಣ ಕನ್ನಡದ್ದಲ್ಲ, ಗುಬ್ಬಿ ತಾಲ್ಲೂಕಿನದು). ದೇವರಾಯನದುರ್ಗದ ದಕ್ಷಿಣಕ್ಕೆ ಹುಟ್ಟೋ ಶಿಂಷಾ ನದಿ ಇಲ್ಲಿನ ದೊಡ್ಡ ಕೆರೆಗೆ ಬರುತ್ತೆ. ಬರೀ ಹೋಬಳಿಯ ಮಳೆ ತೋರಿಸಿದ್ರೆ ಕೆರೆ ಯಾಕೆ ತುಂಬಿತು ಅಂತ ಗೊತ್ತಾಗಲ್ಲ, ಮಳೆ ಎಲ್ಲೋ ಮೇಲ್ಗಡೆ ಬಿದ್ದಿರುತ್ತೆ. ಬರೀ ಅಂತರ್ಜಲ ತೋರಿಸಿದ್ರೆ ಮಟ್ಟ ಕಾಣುತ್ತೆ, ಕಾರಣ ಕಾಣಲ್ಲ. ಈಗ ಎರಡನ್ನೂ ಸೇರಿಸಿ. ಮಳೆ ಹೆಚ್ಚಿದಂತೆ ಬಿಳಿಯಿಂದ ನೀಲಿ, ನೀರು ಆಳಕ್ಕೆ ಹೋದಂತೆ ಬಿಳಿಯಿಂದ ಕೆಂಪು, ತಲಾ ಮೂರು ಹಂತ, ಒಟ್ಟು ಒಂಬತ್ತು ಬಣ್ಣ. ಊರು ಬೆಳ್ಳಗಿದ್ರೆ ಮಳೆ ಕಮ್ಮಿ, ಆದ್ರೂ ನೀರು ಮೇಲೇ ಇದೆ. ಕೆರೆಯೋ ನಾಲೆಯೋ ಅಲ್ಲಿ ಕೆಲಸ ಮಾಡ್ತಿರಬಹುದು. ನೇರಳೆ ಆದ್ರೆ ಮಳೆ ಚೆನ್ನಾಗಿದೆ, ನೀರು ಮಾತ್ರ ಪಾತಾಳದಲ್ಲಿ. ತೆಂಗು, ಅಡಿಕೆ ತೋಟಗಳ ಬೋರ್‌ವೆಲ್‌ಗಳನ್ನ ಎಣಿಸಬೇಕಾದ್ದು ಅಲ್ಲಿ. ಲಕ್ಷಗಟ್ಟಲೆ ಸಾಲ ಮಾಡಿ ಬೋರ್ ಕೊರೆಸೋ ರೈತನಿಗೆ ಈ ಎರಡು ಬಣ್ಣದ ವ್ಯತ್ಯಾಸ ಸಣ್ಣದಲ್ಲ.

ಹೇಮಾವತಿ ಗಲಾಟೆಗೂ ಇಂಥದ್ದೇ ಮ್ಯಾಪ್ ಬೇಕು. ಎಕ್ಸ್‌ಪ್ರೆಸ್ ಕೆನಾಲ್ ಬೇಡ ಅಂತ 2024ರಲ್ಲಿ ಗುಬ್ಬಿ ಕಡೆಯವರು ಬೀದಿಗಿಳಿದ್ರು, ನಮ್ಮ ಪಾಲು ನಮಗೆ ಮುಟ್ಟಲ್ಲ ಅಂತ ಕುಣಿಗಲ್ ಕಡೆಯವರು ಹೇಳ್ತಾರೆ. ಬರೀ ಹಂಚಿಕೆ ತೋರಿಸೋ ಮ್ಯಾಪ್ ಸರ್ಕಾರಿ ಆದೇಶದ ಚಿತ್ರ ಅಷ್ಟೇ. ಬರೀ ತಲುಪಿದ ನೀರು ತೋರಿಸಿದ್ರೆ ಯಾರ ಪಾಲು ಎಷ್ಟು ಅನ್ನೋದೇ ಮಾಯ. ಎರಡೂ ಒಂದೇ ಕಡೆ ಇರ್ಲಿ, ಆಮೇಲೆ ಜಗಳ ಆಡೋಣ.

ಮಿನಾರ್ಡ್ ಆರು ವೇರಿಯಬಲ್ ಹಾಕಿದ್ರಲ್ಲ ಅಂತೀರಾ? ಹೌದು, 1869ರಲ್ಲಿ, ನೆಪೋಲಿಯನ್ನನ ರಷ್ಯಾ ದಂಡಯಾತ್ರೆಗೆ. ಆದ್ರೆ ಅವರು ಬಣ್ಣದ ಮೇಲೆ ಬಣ್ಣ ಬಳೀಲಿಲ್ಲ. ಸೈನಿಕರ ಸಂಖ್ಯೆಗೆ ಪಟ್ಟಿಯ ಅಗಲ, ಹೋಗಿದ್ದಕ್ಕೆ ಬಂದಿದ್ದಕ್ಕೆ ಬೇರೆ ಬೇರೆ ಬಣ್ಣ, ಚಳಿಗೆ ಕೆಳಗಡೆ ಪ್ರತ್ಯೇಕ ಗೆರೆ. ನಿಮಗೂ ಮೂರನೆಯದು ಬೇಕೇ ಬೇಕು ಅಂದ್ರೆ, ಬೋರ್‌ವೆಲ್ ಸಂಖ್ಯೆಗೆ ದೊಡ್ಡ ಚಿಕ್ಕ ಚುಕ್ಕೆ ಇಡಿ. ಫ್ಲೋರೈಡ್‌ಗೆ ಪಕ್ಕದಲ್ಲಿ ಇನ್ನೊಂದು ಪುಟ್ಟ ಮ್ಯಾಪ್ ಹಾಕಿ, ಕಾಗದಕ್ಕೇನು ಬರವಿಲ್ಲ.

ಹಾಂ, ಆ ಒಂಬತ್ತು ಮನೆಯ ಲೆಜೆಂಡ್ ಕನ್ನಡದಲ್ಲೂ ಇರಲಿ. ಕಡಬದವರೂ ಓದಬೇಕಲ್ವಾ.