ಕೂಸು ನೋಡಿಕೊಳ್ಳುವ ಮನೆಗೂ ಪರವಾನಿಗೆಯೆ?

ನಸುಕಿನಲ್ಲಿ ಬೈಲಹೊಂಗಲದ ಯಾವುದೇ ಕೂಲಿಕಾರರ ಓಣಿಯಲ್ಲಿ ನಿಂತು ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಹತ್ತಿ ಬಿಡಿಸಲು, ಕಳೆ ತೆಗೆಯಲು, ಕಬ್ಬಿನ ಕಟಾವಿಗೆ ಹೊರಟ ಹೆಣ್ಣುಮಗಳು ಒಂದು ಕೈಯಲ್ಲಿ ಬುತ್ತಿಯ ಗಂಟು, ಇನ್ನೊಂದು ಬಗಲಲ್ಲಿ ನಿದ್ದೆಗಣ್ಣಿನ ಕೂಸು ಹಿಡಿದು, ನಾಲ್ಕು ಮನೆಯಾಚೆಯ ಮುದುಕಿಯ ಬಾಗಿಲು ಬಡಿಯುತ್ತಾಳೆ. "ಆಯಿ, ಹೊತ್ತು ಮುಳುಗೂದ್ರಾಗ ಬರ್ತೀನಿ" ಎಂದು ಹೇಳಿ ಟಂಟಂ ಹತ್ತುತ್ತಾಳೆ. ಆಯಿಯ ಪಡಸಾಲೆಯಲ್ಲಿ ಆಗಲೇ ಇಂಥವೇ ನಾಲ್ಕಾರು ಕೂಸುಗಳು. ಜಂತಿಗೆ ಕಟ್ಟಿದ ಜೋಲಿಯಲ್ಲಿ ಒಂದು, ಕೌದಿಯ ಮೇಲೆ ಎರಡು, ಅಂಬೆಗಾಲಿಕ್ಕುತ್ತ ಒಲೆಯ ಕಡೆ ಹೊರಟದ್ದು ಒಂದು. ಕಿತ್ತೂರಿನಲ್ಲೂ ಹೀಗೆಯೇ. ಸವದತ್ತಿಯಲ್ಲಿ ಹುಣ್ಣಿಮೆ ಬಂದು ಎಲ್ಲಮ್ಮನ ಗುಡ್ಡದಲ್ಲಿ ಜನ ಸೇರಿದಾಗ ಕಾಯಿ, ಕುಂಕುಮ, ಭಂಡಾರ ಮಾರಲು ಹೋಗುವ ತಾಯಂದಿರ ಕೂಸುಗಳದ್ದೂ ಇದೇ ಕಥೆ. ರಾಮದುರ್ಗದ ನೇಕಾರರ ಮನೆಯಲ್ಲಂತೂ ತಾಯಿ ಹೊರಗೆ ಹೋಗುವುದೇ ಇಲ್ಲ. ಕಂಡಿಕೆ ಸುತ್ತುತ್ತ ತನ್ನ ಕೂಸನ್ನೂ ಪಕ್ಕದ ಮನೆಯ ಕೂಸನ್ನೂ ಒಂದೇ ಕಣ್ಣಿನಲ್ಲಿ ಕಾಯುತ್ತಾಳೆ, ಇನ್ನೊಂದು ಕಣ್ಣು ನೂಲಿನ ಮೇಲೆ ಇರಬೇಕಲ್ಲ.

ಇಂಥ ಮನೆಗಳನ್ನು ಸರಕಾರ ತಪಾಸಣೆ ಮಾಡಬೇಕೆ, ಅವುಗಳಿಗೆ ಪರವಾನಿಗೆ ಬೇಕೆ ಎಂಬ ಪ್ರಶ್ನೆಯನ್ನು ಎತ್ತಿದ ಕೂಡಲೇ ನಮ್ಮಲ್ಲಿ ಎರಡು ಬಗೆಯ ಉತ್ತರ ಬರುತ್ತವೆ. ಮನೆಯೊಳಗಿನ ಮಾತಿಗೆ ಸರಕಾರ ಏಕೆ, ಅಜ್ಜಿಯರು ಎಷ್ಟು ತಲೆಮಾರಿನಿಂದ ಮಕ್ಕಳನ್ನು ಸಾಕಿಲ್ಲ ಎನ್ನುವವರು ಒಂದು ಕಡೆ. ಎಲ್ಲಕ್ಕೂ ಕಾಯ್ದೆ ಬೇಕು, ಪರವಾನಿಗೆಯಿಲ್ಲದ ಮನೆಯ ಬಾಗಿಲು ಹಾಕಿಸಬೇಕು ಎನ್ನುವವರು ಇನ್ನೊಂದು ಕಡೆ. ಈ ಎರಡನ್ನೂ ನಾವು ಒಪ್ಪುವುದಿಲ್ಲ.

ಮೊದಲನೆಯವರ ಮಾತನ್ನು ಮೊದಲು ನೋಡೋಣ. ಆಯಿಯ ಅಂತಃಕರಣದ ಬಗ್ಗೆ ನಮಗೆ ಸಂಶಯವಿಲ್ಲ. ಆದರೆ ಅಂತಃಕರಣಕ್ಕೆ ಕೈ ಎರಡೇ. ನೆಲದ ಮೇಲಿನ ಒಲೆ, ಅದರ ಮೇಲೆ ಕುದಿಯುವ ಎಸರು. ಬಚ್ಚಲಲ್ಲಿ ಮೊಣಕಾಲುದ್ದ ನೀರು ತುಂಬಿದ ತೊಟ್ಟಿ. ಗೋಡೆಯ ಮೇಲೆ ಕೂಸಿನ ಕೈಗೆಟಕುವಂತೆ ತೊಗಟೆ ಕಿತ್ತ ವಿದ್ಯುತ್ ತಂತಿ. ಮೂಲೆಯಲ್ಲಿ ಬೆಳೆಗೆ ಹೊಡೆಯುವ ಔಷಧದ ಬಾಟಲಿ, ಅದೂ ಅನೇಕ ಸಲ ಶರಬತ್ತಿನ ಹಳೆಯ ಬಾಟಲಿಯಲ್ಲಿ. ಒಂದು ವರ್ಷದ ಕೂಸು ಮುಳುಗಲು ಬಾವಿ ಬೇಕಾಗಿಲ್ಲ, ಒಂದು ಬಕೆಟ್ಟು ನೀರು ಸಾಕು. ಒಂದು ಕೂಸಿಗೆ ಜ್ವರ ಬಂದರೆ ನಾಲ್ಕಕ್ಕೂ ಬರುತ್ತದೆ. ತಾಯಿ ಕೂಲಿ ಬಿಡಲಾರಳು, ಆದ್ದರಿಂದ ಜ್ವರದ ಕೂಸೂ ಅಲ್ಲಿಗೇ ಬರುತ್ತದೆ.

ಇನ್ನು ಮನೆಯೇ ಹೇಗಿದೆ? ಮಲಪ್ರಭೆಯ ದಂಡೆಯ ಊರುಗಳಲ್ಲಿ ಇಂದಿಗೂ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ಬಹಳ. 2019ರ ಆಗಸ್ಟಿನ ಮಹಾಪೂರದಲ್ಲಿ ರಾಮದುರ್ಗ, ಸವದತ್ತಿ ತಾಲೂಕುಗಳಲ್ಲಿ ಇಂಥ ಮನೆಗಳು ಹೇಗೆ ಕರಗಿ ಕೂತವು ಎಂಬುದನ್ನು ನಮ್ಮ ವಾಚಕರು ಕಣ್ಣಾರೆ ಕಂಡಿದ್ದಾರೆ. 2021ರ ಅಕ್ಟೋಬರಿನಲ್ಲಿ ಬೆಳಗಾವಿ ತಾಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಮನೆ ಕುಸಿದು ಏಳು ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಸ್ವಂತ ಮನೆಯವರೇ ವಾಸಿಸುವ ಮನೆಯ ಗತಿ ಇದಾದರೆ, ಅದೇ ಬಗೆಯ ಮನೆಯಲ್ಲಿ ಆರು ಮನೆಗಳ ಕೂಸುಗಳನ್ನು ಕೂಡಿಸಿದಾಗ ಗೋಡೆಯನ್ನು ಒಮ್ಮೆ ಯಾರಾದರೂ ಮುಟ್ಟಿ ನೋಡಬೇಡವೆ? ಇದನ್ನು ಮನೆಯೊಳಗಿನ ಮಾತು ಎಂದು ತಳ್ಳಿಹಾಕುವವರ ಮಕ್ಕಳು ಬಹುಮಟ್ಟಿಗೆ ಸಿಮೆಂಟಿನ ಛಾವಣಿಯ ಕೆಳಗೆ ಮಲಗಿರುತ್ತವೆ ಎಂಬುದನ್ನೂ ಹೇಳದೆ ಇರಲಾರೆವು.

ಹಾಗಾದರೆ ಕಾಯ್ದೆ ಏನು ಹೇಳುತ್ತದೆ? 1948ರ ಕಾರ್ಖಾನೆ ಕಾಯ್ದೆಯ 48ನೆಯ ಕಲಮು 50ಕ್ಕೂ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುವಿಹಾರ ಇರಬೇಕೆಂದು ವಿಧಿಸಿತ್ತು. 1976ರಲ್ಲಿ ಆ ಸಂಖ್ಯೆಯನ್ನು 30ಕ್ಕೆ ಇಳಿಸಿದರು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದು, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರ ನಡೆಸಬೇಕೆಂದರು. ಅವು ಹೇಗಿರಬೇಕೆಂದು 2018ರಲ್ಲಿ ಕೇಂದ್ರ ಸರಕಾರ ಮಾರ್ಗಸೂಚಿಯನ್ನೂ ಹೊರಡಿಸಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ 50. ಐವತ್ತು ಜನ ಒಂದೇ ಮಾಲಕನ ಹಾಜರಿ ಪುಸ್ತಕದಲ್ಲಿ ಇರುವ ಹೊಲ ಬೈಲಹೊಂಗಲ ತಾಲೂಕಿನಲ್ಲಿ ಎಲ್ಲಿದೆ? ಕಬ್ಬು ಕಡಿಯುವ ಟೋಳಿಗೆ ಮಾಲಕನು ಯಾರು: ಹೊಲದವನೋ, ಮುಂಗಡ ಕೊಟ್ಟ ಮುಕಾದಮನೋ, ಕಾರ್ಖಾನೆಯೋ? ಆ ಪ್ರಶ್ನೆ ಬಗೆಹರಿಯುವುದರೊಳಗೆ ಕೂಸು ರವದಿಯ ಮೇಲೆ ಮಲಗಿ ಬೆಳೆದುಬಿಡುತ್ತದೆ.

ಅಂಗನವಾಡಿ ಇದೆಯಲ್ಲ ಎನ್ನಬಹುದು. ಇದೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಆರಂಭವಾದ ಆ ಯೋಜನೆಯಲ್ಲಿ ನಮ್ಮ ರಾಜ್ಯದ ಟಿ. ನರಸೀಪುರವೂ ಒಂದಾಗಿತ್ತು. ಅದರಿಂದಾದ ಉಪಕಾರವನ್ನು ನಾವು ಮರೆತಿಲ್ಲ. ಆದರೆ ಅಲ್ಲಿ ಕೂತು ಕಲಿಯುವುದು ಮೂರು ತುಂಬಿದ ಮಕ್ಕಳು. ಅದಕ್ಕಿಂತ ಚಿಕ್ಕವಕ್ಕೆ ಮನೆಗೆ ಒಯ್ಯುವ ಆಹಾರದ ಪೊಟ್ಟಣ. ಬಾಗಿಲು ತೆರೆಯುವುದು ಬಿಸಿಲೇರಿದ ಮೇಲೆ. ಕೂಲಿಯ ಗಾಡಿ ಹೊರಡುವುದು ಬೆಳಕು ಹರಿಯುವ ಮೊದಲು. 2022ರಿಂದ ಕೇಂದ್ರ ಸರಕಾರ 'ಪಾಲನಾ' ಎಂಬ ಹೆಸರಿನಲ್ಲಿ ಕೆಲವು ಅಂಗನವಾಡಿಗಳಿಗೆ ಶಿಶುಪಾಲನೆಯನ್ನೂ ಜೋಡಿಸುತ್ತಿದೆ. ಕೆಲವು ಎಂಬುದೇ ಅಲ್ಲಿನ ಮುಖ್ಯ ಶಬ್ದ.

ರಾಜ್ಯ ಸರಕಾರವು 2023-24ರ ಮುಂಗಡಪತ್ರದಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಸಾರಿತು. ಇದು ಒಳ್ಳೆಯ ಹೆಜ್ಜೆ, ಹೆಸರೂ ಚೆಲುವಾದದ್ದು. ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಕೂಸುಗಳನ್ನು, ಮುಖ್ಯವಾಗಿ ಉದ್ಯೋಗ ಖಾತ್ರಿಯ ಕೂಲಿಕಾರರ ಕೂಸುಗಳನ್ನು, ಊರಿನ ಹೆಂಗಸರೇ ತರಬೇತಿ ಪಡೆದು ನೋಡಿಕೊಳ್ಳುವ ಏರ್ಪಾಡು ಅದು. ಆದರೆ ಎರಡು ಮಾತು ಹೇಳಲೇಬೇಕು. ಮೊದಲನೆಯದು, ಅದು ಗ್ರಾಮ ಪಂಚಾಯಿತಿಯ ಯೋಜನೆ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಪುರಸಭೆಗಳು. ಕಿತ್ತೂರು ಪಟ್ಟಣ ಪಂಚಾಯಿತಿ. ಪುರಸಭೆಯ ಗಡಿಯೊಳಗಿನ ಕೂಲಿಕಾರಳ ಕೂಸಿಗೆ ಕೂಸಿನ ಮನೆ ಇಲ್ಲ, ಆಯಿಯ ಮನೆಯೇ ಗತಿ. ಎರಡನೆಯದು, ನೋಡಿಕೊಳ್ಳುವವಳ ಕೂಲಿಯನ್ನು ಉದ್ಯೋಗ ಖಾತ್ರಿಯ ಲೆಕ್ಕದಿಂದಲೇ ಕೊಡಲು ಹೊರಟರು. ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಮಿತಿ ಆ ಕಾಯ್ದೆಯಲ್ಲಿ ಇದ್ದುದರಿಂದ ಒಬ್ಬಳನ್ನೇ ವರ್ಷವಿಡೀ ಇಡುವಂತಿಲ್ಲ. ಸರದಿಯಂತೆ ಹೆಂಗಸರು ಬದಲಾಗಬೇಕು. ಎರಡು ವರ್ಷದ ಕೂಸಿಗೆ ಬೇಕಾದದ್ದು ದಿನವೂ ಕಾಣುವ ಒಂದೇ ಮುಖ. ಲೆಕ್ಕಪತ್ರದ ಅನುಕೂಲಕ್ಕೆ ಆ ಮುಖವನ್ನೇ ಬದಲಾಯಿಸುವುದು ಕೂಸನ್ನು ತಿಳಿದವರ ಯೋಚನೆಯಲ್ಲ. ಈಗಂತೂ 2025ರ ಡಿಸೆಂಬರಿನಲ್ಲಿ ಸಂಸತ್ತು ಉದ್ಯೋಗ ಖಾತ್ರಿ ಕಾಯ್ದೆಯ ಜಾಗದಲ್ಲಿ ಬೇರೆ ಕಾಯ್ದೆಯನ್ನೇ ಅಂಗೀಕರಿಸಿದೆ. ಹಳೆಯ ಕಾಯ್ದೆಯ ಅನುಸೂಚಿಯಲ್ಲಿ ಒಂದು ಮಾತು ಇತ್ತು: ಕೆಲಸದ ಜಾಗಕ್ಕೆ ಐದು ಅಥವಾ ಹೆಚ್ಚು ಚಿಕ್ಕ ಮಕ್ಕಳು ಬಂದರೆ ಕೂಲಿಕಾರಳೊಬ್ಬಳನ್ನು ಅವುಗಳನ್ನು ನೋಡಿಕೊಳ್ಳಲು ನೇಮಿಸಬೇಕು, ಅವಳಿಗೂ ಉಳಿದವರಷ್ಟೇ ಕೂಲಿ. ಮಣ್ಣು ಹೊರುವುದೂ ಕೂಸು ಹೊರುವುದೂ ಒಂದೇ ತೂಕದ ದುಡಿಮೆ ಎಂದು ಕಾಯ್ದೆಯ ಬಾಯಿಂದ ಬಂದ ಆ ಮಾತನ್ನು ಬಿಟ್ಟುಕೊಡಲು ನಾವು ಸಿದ್ಧರಿಲ್ಲ.

ಈಗ ಪರವಾನಿಗೆಯವರ ಮಾತಿಗೆ ಬರೋಣ. ಕಾಗದವಿದ್ದರೆ ಕೂಸು ಉಳಿಯುತ್ತದೆ ಎಂಬ ನಂಬಿಕೆ ಅವರದು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಪ್ಪರಕ್ಕೆ ಹಿಡಿದು 94 ಮಕ್ಕಳು ಸುಟ್ಟು ಸತ್ತರು. ಆ ಕಟ್ಟಡದಲ್ಲಿ ಇದ್ದದ್ದು ಕದ್ದುಮುಚ್ಚಿ ನಡೆಸುವ ಶಾಲೆಯಲ್ಲ. ಸರಕಾರದ ಅನುದಾನ ಪಡೆಯುವ ಶಾಲೆಯೂ ಅಲ್ಲಿಯೇ ನಡೆಯುತ್ತಿತ್ತು. ತೆರೆದ ಕೊಳವೆಬಾವಿಗಳನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ ಕಟ್ಟುನಿಟ್ಟಾಗಿ ಹೇಳಿತು. 2017ರ ಏಪ್ರಿಲಿನಲ್ಲಿ ನಮ್ಮದೇ ಜಿಲ್ಲೆಯ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಹುಡುಗಿ ಕೊಳವೆಬಾವಿಗೆ ಬಿದ್ದು ಸತ್ತಳು. ನಿಯಮ ಇರಲಿಲ್ಲವೆಂದು ಅವಳು ಸಾಯಲಿಲ್ಲ. ಕಾಲು ನಡೆಸಿ ಆ ಹೊಲಕ್ಕೆ ಹೋಗಿ ನೋಡಿದವರು ಇರಲಿಲ್ಲ.

ಪರವಾನಿಗೆಯೊಂದನ್ನೇ ಮೊದಲು ತಂದರೆ ಏನಾದೀತು ಎಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಯಿ ಅರ್ಜಿ ಬರೆಸಲು ಕಚೇರಿಯ ಮುಂದಿನ ಮರದಡಿಗೆ ಹೋಗಬೇಕು. ಮನೆಯ ಉತಾರ ತಾ ಎನ್ನುತ್ತಾರೆ. ಉತಾರ ಸತ್ತ ಗಂಡನ ಅಣ್ಣನ ಹೆಸರಿನಲ್ಲಿ ಇರುತ್ತದೆ. ಕಟ್ಟಡದ ದಾಖಲೆ, ನೀರಿನ ದಾಖಲೆ, ಆರೋಗ್ಯದ ದಾಖಲೆ ಎನ್ನುವಷ್ಟರಲ್ಲಿ ಮೂರು ದಿನದ ಕೂಸುಗಳ ಕಾಸು ಬಸ್ಸಿಗೇ ಹೋಗುತ್ತದೆ. ಕೊನೆಗೆ ಎರಡರಲ್ಲಿ ಒಂದು ಆಗುತ್ತದೆ. ಒಂದೋ ಕೈಬೆಚ್ಚಗೆ ಮಾಡಿ ಕಾಗದ ತರುತ್ತಾಳೆ, ಒಲೆ ಇದ್ದಲ್ಲೇ ಇರುತ್ತದೆ. ಇಲ್ಲವೇ ಬಾಗಿಲು ಹಾಕುತ್ತಾಳೆ, ಕೂಸು ಕಬ್ಬಿನ ಹೊಲದ ಬದುವಿಗೆ ಹೋಗುತ್ತದೆ. ಅಲ್ಲಿ ಹಾವಿದೆ, ಟ್ರ್ಯಾಕ್ಟರಿನ ಗಾಲಿ ಇದೆ. ಮೂರನೆಯ ದಾರಿಯೂ ಉಂಟು: ಎಂಟು ವರ್ಷದ ಅಕ್ಕನನ್ನು ಶಾಲೆ ಬಿಡಿಸಿ ತಮ್ಮನನ್ನು ಹೊರಿಸುವುದು. ಅವಳು ಶಾಲೆ ಬಿಟ್ಟದ್ದಕ್ಕೆ ಯಾವ ಪರವಾನಿಗೆಯೂ ಬೇಕಾಗುವುದಿಲ್ಲ.

ಹೊರದೇಶದವರೂ ಈ ಗೊಂದಲವನ್ನು ದಾಟಿ ಬಂದವರೇ. ನಮ್ಮಲ್ಲಿ ಕಾರ್ಖಾನೆ ಕಾಯ್ದೆ ಬಂದ 1948ರಲ್ಲಿಯೇ ಬ್ರಿಟನ್ನಿನಲ್ಲಿ, ಹಣ ಪಡೆದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಹೆಸರು ನೋಂದಾಯಿಸಬೇಕೆಂಬ ಕಾಯ್ದೆ ಬಂತು. ಆ ಮೇಲೆಯೂ ಎಷ್ಟೋ ವರ್ಷಗಳ ಕಾಲ ಅಲ್ಲಿನ ಕಾರ್ಮಿಕರ ಕೇರಿಗಳಲ್ಲಿ ಪಟ್ಟಿಗೆ ಸೇರದ ಮನೆಗಳು ಬಹಳ ಇದ್ದವು. ದುಡಿಯುವ ತಾಯಿಗೆ ಅಗ್ಗದ ಬಾಗಿಲು ಅದೇ ಆಗಿತ್ತು. ದಕ್ಷಿಣ ಅಮೆರಿಕೆಯ ಕೊಲಂಬಿಯಾ 1980ರ ದಶಕದಲ್ಲಿ ಬೇರೆ ದಾರಿ ಹಿಡಿಯಿತು. ಬಡವರ ಓಣಿಯಲ್ಲಿ ಒಬ್ಬ ಹೆಂಗಸನ್ನು 'ಸಮುದಾಯದ ತಾಯಿ' ಎಂದು ಆರಿಸಿ, ಅವಳಿಗೆ ತರಬೇತಿ, ಮಕ್ಕಳ ಆಹಾರ, ಮನೆ ಸುಧಾರಿಸಿಕೊಳ್ಳಲು ಸಾಲ ಒದಗಿಸಿ, ಅವಳ ಮನೆಯನ್ನೇ ಶಿಶುಪಾಲನೆಯ ಮನೆ ಮಾಡಿತು. ಆ ತಾಯಂದಿರಿಗೂ ನ್ಯಾಯವಾದ ಸಂಬಳಕ್ಕಾಗಿ ದಶಕಗಟ್ಟಲೆ ಹೋರಾಡಬೇಕಾಯಿತು. ಆದರೂ ಆರಂಭ ಎಲ್ಲಿಂದ ಎಂಬುದನ್ನು ಅವರು ಸರಿಯಾಗಿ ಹಿಡಿದರು: ಕೊಟ್ಟು ಕೇಳಿದರು.

ನಾವು ಕೇಳುವುದೂ ಅದನ್ನೇ. ತಪಾಸಣೆ ಬೇಕು, ಆದರೆ ತಪಾಸಣೆಗೆ ಬರುವವರು ಬರಿಗೈಯಲ್ಲಿ ಬರಬಾರದು. ಒಲೆಗೆ ಕಟ್ಟೆ ಇಲ್ಲ ಎಂದು ಬರೆದುಕೊಂಡು ಹೋಗುವವರು ಬೇಡ. ಕಟ್ಟೆ ಕಟ್ಟಿಸಲು ಹಣ ಮಂಜೂರು ಮಾಡುವವರು ಬರಲಿ. ತೊಟ್ಟಿಗೆ ಮುಚ್ಚಳ, ಬಾಗಿಲಿಗೆ ಅಡ್ಡಹಲಗೆ, ತಂತಿಗೆ ಹೊದಿಕೆ, ಔಷಧದ ಬಾಟಲಿಗೆ ಎತ್ತರದ ಗೂಡು: ಇವು ಯಾವುವೂ ಪುರಸಭೆಯ ಬೊಕ್ಕಸ ಬರಿದು ಮಾಡುವ ಖರ್ಚಲ್ಲ. ಗೋಡೆ ಬಿರಿದ ಮನೆಯಾದರೆ ಅಲ್ಲಿ ಕೂಸು ಕೂಡಿಸಲೇಬಾರದು. ಇದರಲ್ಲಿ ರಿಯಾಯಿತಿ ಇಲ್ಲ. ಆದರೆ ಆ ಹೊತ್ತಿಗೆ ಸಮುದಾಯ ಭವನದ ಒಂದು ಕೋಣೆಯ ಕೀಲಿಯನ್ನು ಆಯಿಯ ಕೈಗೆ ಕೊಟ್ಟಿರಬೇಕು.

ಯಾರು ತಪಾಸಣೆ ಮಾಡಬೇಕು? ಯಾವ ಮನೆಯಲ್ಲಿ ಎಷ್ಟು ಕೂಸು ಇವೆ ಎಂಬುದನ್ನು ಇಂದು ನಿಜವಾಗಿ ಬಲ್ಲವಳು ಆಶಾ ಕಾರ್ಯಕರ್ತೆ. ಕೂಸಿಗೆ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದು ತಿಂಗಳಾದಾಗ ಮನೆಗೆ ಹೋಗಿ ನೋಡುವ ಕೆಲಸ ಈಗಾಗಲೇ ಅವಳದು. ಅವಳು, ಅಂಗನವಾಡಿಯ ಮೇಲ್ವಿಚಾರಕಿ, ಕೂಸು ಬಿಡುವ ಇಬ್ಬರು ತಾಯಂದಿರು ಕೂಡಿ ನೋಡಲಿ. ಆದರೆ ಈ ಕೆಲಸವನ್ನೂ ಪುಕ್ಕಟೆಯಾಗಿ ಆಶಾಳ ತಲೆಗೆ ಕಟ್ಟುವುದಾದರೆ ನಮ್ಮ ಪೂರ್ಣ ವಿರೋಧವಿದೆ. ಪ್ರತಿ ಭೇಟಿಗೂ ಹಣ ಕೊಡಬೇಕು. ಹೇಳದೆ ಬರುವ ಭೇಟಿಯೂ ಇರಲಿ. ಆಯಿಯ ಪಕ್ಷ ವಹಿಸಿ ನಾವು ಇಷ್ಟು ಬರೆದದ್ದರಿಂದ ಅವಳ ಮನೆಯಲ್ಲಿ ಎಲ್ಲವೂ ಸರಿಯಿರುತ್ತದೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಹತ್ತು ಕೂಸುಗಳನ್ನು ಒಬ್ಬಳೇ ಕೂಡಿಸಿಕೊಂಡು ಕಾಸು ಎಣಿಸುವವಳಿಗೆ ಇಷ್ಟೇ ಕೂಸು ಎಂದು ಹೇಳಲೇಬೇಕು. ಹೇಳುವಾಗ, ಕಡಿಮೆಯಾದ ಕಾಸನ್ನು ಸರಕಾರ ತುಂಬಿಕೊಡಬೇಕು. ಇನ್ನೊಂದು ಮಾತು: ಇದೇ ತಪಾಸಣೆ ಸರಕಾರದ ಕೂಸಿನ ಮನೆಗಳಿಗೂ ಬಾಡಿಗೆ ಕಟ್ಟಡದ ಅಂಗನವಾಡಿಗಳಿಗೂ ಮೊದಲು ಆಗಲಿ, ಅದರ ವರದಿಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸಲಿ.

ಕಬ್ಬಿನ ಹಂಗಾಮು ಆರಂಭವಾಗುವ ಮೊದಲು ನಾಲ್ಕೂ ತಾಲೂಕುಗಳಲ್ಲಿ ಇಂಥ ಮನೆಗಳ ಎಣಿಕೆ ಮುಗಿಯಬೇಕು. ಪಟ್ಟಿಗೆ ಹೆಸರು ಬರೆಸಲು ಶುಲ್ಕವಿರಕೂಡದು, ಉತಾರ ಕೇಳಕೂಡದು. ಅರ್ಜಿ ಒಂದೇ ಹಾಳೆಯದಾಗಿರಲಿ, ಕನ್ನಡದಲ್ಲಿರಲಿ, ಆಶಾ ಕಾರ್ಯಕರ್ತೆಯೇ ಅದನ್ನು ಆಯಿಯ ಪಡಸಾಲೆಯಲ್ಲಿ ಕೂತು ತುಂಬಲಿ. ಹೆಬ್ಬೆಟ್ಟು ಒತ್ತಲು ಆಯಿ ಕಚೇರಿಗೆ ಹೋದರೆ, ಆ ಹೊತ್ತಿನಲ್ಲಿ ಕೂಸುಗಳನ್ನು ನೋಡಿಕೊಳ್ಳುವವರು ಯಾರೂ ಇರುವುದಿಲ್ಲ.