ಊರು ಹುಟ್ಟಿದ ದಿನ ಯಾವುದು?

ಇತಿಹಾಸವೆಂದೊಡನೆ ನಮ್ಮ ಮನಸ್ಸು ಅರಸರ ವಂಶಾವಳಿಯತ್ತ ಓಡುತ್ತದೆ. ಬೇಸಾಯಗಾರರ ಒಂದು ಸಣ್ಣ ಊರಿಗೂ ಚರಿತ್ರೆಯುಂಟೆಂದರೆ ನಗುವವರೇ ಹೆಚ್ಚು. ಅಂಥವರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿರುವ ನ್ಯೂ ಗ್ಲಾರಸ್ ಎಂಬ ಊರಿನ ವೃತ್ತಾಂತವನ್ನು ಅವಶ್ಯವಾಗಿ ಓದಬೇಕು.

ಸ್ವಿಟ್ಜರ್ಲೆಂಡಿನ ಗ್ಲಾರಸ್ ಬೆಟ್ಟಗಳ ನಡುವಣ ಇಕ್ಕಟ್ಟಾದ ಕಣಿವೆಯ ನಾಡು. ಅಲ್ಲಿ ಯಂತ್ರಗಳು ಬಂದು ಕೈಮಗ್ಗದವರ ಅನ್ನಕ್ಕೆ ಕಲ್ಲು ಹಾಕಿದವು; 1840ರ ದಶಕದಲ್ಲಿ ಆಲೂಗೆಡ್ಡೆಯ ಬೆಳೆಯೂ ರೋಗಕ್ಕೆ ತುತ್ತಾಯಿತು. ಹಿರಿಯರು ವಲಸೆ ಸಂಘವೊಂದನ್ನು ಕಟ್ಟಿ, ಇಬ್ಬರನ್ನು ಮುಂದಾಗಿ ಕಳುಹಿಸಿ, 1280 ಎಕರೆ ಭೂಮಿಯನ್ನು ಕೊಳ್ಳಿಸಿದರು. 1845ರ ಏಪ್ರಿಲ್ 16ರಂದು 193 ಜನ ಹೊರಟರು. ನಾಲ್ಕು ತಿಂಗಳ ಪಯಣದ ಅನಂತರ, ಆಗಸ್ಟ್ 15ರಂದು, ಅಲ್ಲಿಗೆ ಮುಟ್ಟಿದವರು 108 ಮಂದಿ ಮಾತ್ರ! ಕೆಲವರು ದಾರಿಯಲ್ಲೇ ತೀರಿಕೊಂಡರು, ಕೆಲವರು ಬೇರೆಡೆ ನಿಂತುಬಿಟ್ಟರು. ತಲುಪಿದವರು ಚೀಟಿ ಎತ್ತಿ ಕುಟುಂಬಕ್ಕೆ 20 ಎಕರೆಯಂತೆ ಹೊಲ ಹಂಚಿಕೊಂಡರು. ಇದು ಬಡವರಿಗೆ ಇತ್ತ ನೆರವೋ, ಬಡವರನ್ನು ಸಾಗಹಾಕಿದ ಉಪಾಯವೋ? ಎರಡೂ ಹೌದೆಂದೇ ನನ್ನ ಎಣಿಕೆ.

ಮೊದಲು ಗೋಧಿ ಬಿತ್ತಿದರು. ವರ್ಷವರ್ಷವೂ ಅದನ್ನೇ ಬಿತ್ತಿ ನೆಲ ಸಾರಗೆಟ್ಟಿತು, ಹುಳು ಬಿದ್ದಿತು. ಆಗ ಅವರು ತಾಯ್ನಾಡಿನಲ್ಲಿ ಕಲಿತ ವಿದ್ಯೆಯನ್ನು ನೆನೆದು ಹಸು ಕಟ್ಟಿದರು, ಚೀಸ್ ಮಾಡಿದರು. ಊರು ಉಳಿದದ್ದು ಹಾಲಿನಿಂದ. ಹಾಲು ಬತ್ತಿಸಿ ಡಬ್ಬಿಗೆ ತುಂಬುತ್ತಿದ್ದ ಕಾರ್ಖಾನೆ 1962ರಲ್ಲಿ ಮುಚ್ಚಿದ ಮೇಲೆ ಮನೆಗಳ ಮುಖಕ್ಕೆ ಸ್ವಿಸ್ ಚೆಲುವು ತೊಡಿಸಿ ಪ್ರವಾಸಿಗರನ್ನು ಕರೆದರು. ಇದನ್ನು ಬರಿಯ ಸೋಗೆಂದು ಹಳಿಯುವವರುಂಟು, ನಾನು ಹಳಿಯಲಾರೆ. 1938ರಿಂದಲೇ ವಿಲ್ಹೆಲ್ಮ್ ಟೆಲ್ ನಾಟಕವಾಡುತ್ತ ಬಂದ ಊರದು.

ಆದರೆ ಒಂದು ಮಾತಿಗೆ ನನ್ನ ಆಕ್ಷೇಪಣೆಯುಂಟು. ವಲಸೆಗಾರರು ಬರಿದಾದ ಕಾಡಿನಲ್ಲಿ ಊರು ಕಟ್ಟಿದರೆಂದು ಹೇಳುವುದು ವಾಡಿಕೆ. ಆ ಕಾಡು ಬರಿದಾಗಿದ್ದುದು ಹೇಗೆ? ದಕ್ಷಿಣ ವಿಸ್ಕಾನ್ಸಿನ್ ಹೋ-ಚಂಕ್ ಜನರ ನೆಲ. 1829 ಮತ್ತು 1832ರ ಒಪ್ಪಂದಗಳು ಅದನ್ನು ಅವರ ಕೈಯಿಂದ ಬಿಡಿಸಿದ್ದವು. ಸ್ವಿಸ್ ಜನ ತಾವಾಗಿ ಯಾರನ್ನೂ ಓಡಿಸಲಿಲ್ಲ, ಹಣ ಕೊಟ್ಟೇ ಕೊಂಡರು, ನಿಜ. ಆದರೂ ಊರಿನ ಚರಿತ್ರೆಯ ಮೊದಲ ಪುಟ 1845 ಆಗಲಾರದು. ಹೋ-ಚಂಕ್ ಜನರನ್ನು ಸರಕಾರ ಮತ್ತೆ ಮತ್ತೆ ಪಶ್ಚಿಮಕ್ಕೆ ಅಟ್ಟಿತು. ಅನೇಕರು ಮತ್ತೆ ಮತ್ತೆ ತಾಯ್ನೆಲಕ್ಕೆ ಹಿಂದಿರುಗಿದರು. ಇಂದಿಗೂ ಅವರ ಆಡಳಿತದ ಕೇಂದ್ರ ಅದೇ ರಾಜ್ಯದ ಬ್ಲ್ಯಾಕ್ ರಿವರ್ ಫಾಲ್ಸ್‌ನಲ್ಲಿದೆ.