ಪೋಷಕರು ಬರುವುದು ಮಳೆಯಲ್ಲಿ, ಉಡುಪಿ-ಮಣಿಪಾಲ ತಯಾರಾಗುವುದು ಬಿಸಿಲಿಗೆ

ಜುಲೈ ಕೊನೆ ಬಂತೆಂದರೆ ಮಣಿಪಾಲದಲ್ಲಿ ರೂಮು ಸಿಗುವುದು ಕಷ್ಟ. ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿದ ಮಕ್ಕಳನ್ನು ಬಿಡ್ಲಿಕ್ಕೆ ದೇಶದ ಎಲ್ಲ ಮೂಲೆಗಳಿಂದ ತಂದೆ-ತಾಯಿ ಬರುತ್ತಾರೆ. ಅವರು ಹೋದ ಮೇಲೆ ನೀಟ್ ಕೌನ್ಸೆಲಿಂಗ್ ಮುಗಿಸಿದ ಮೆಡಿಕಲ್ ಮಕ್ಕಳ ಪೋಷಕರ ಸರದಿ. ಕೈಯಲ್ಲಿ ಸೂಟ್‌ಕೇಸ್, ತಲೆ ಮೇಲೆ ಮಳೆ. ಹಾಸ್ಟೆಲ್ ಕೆಲಸ ಒಂದು ದಿನದಲ್ಲಿ ಮುಗಿಯುತ್ತದೆ. ವಾಪಸ್ ಟಿಕೆಟ್ ಇರುವುದು ಮರುದಿನಕ್ಕೋ ಅದರ ಮರುದಿನಕ್ಕೋ. ನಡುವಿನ ಹೊತ್ತು ಎಂತ ಮಾಡುವುದು? ರಿಕ್ಷಾದವರಿಗೆ, ಹೋಟೆಲ್ ಕೌಂಟರ್‌ನವರಿಗೆ ಪ್ರತಿ ವರ್ಷ ಎದುರಾಗುವ ಪ್ರಶ್ನೆ ಇದು. ಉತ್ತರವೂ ಪ್ರತಿ ವರ್ಷ ಅದೇ: "ಮಲ್ಪೆಗೆ ಹೋಗಿ, ಐಲ್ಯಾಂಡ್‌ಗೆ ಹೋಗಿ."

ಸಮಸ್ಯೆ ಶುರುವಾಗುವುದೇ ಅಲ್ಲಿ. ಆ ಹೊತ್ತಿಗೆ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಇರುವುದಿಲ್ಲ. ಮಲ್ಪೆ ಬೀಚ್‌ನಲ್ಲಿ ನೀರಿಗೆ ಇಳಿಯದಂತೆ ಬಲೆ ಕಟ್ಟಿರುತ್ತಾರೆ. ಕಟ್ಟಲೇಬೇಕು, ಮಳೆಗಾಲದ ಕಡಲು ಎಷ್ಟು ಜೀವ ತೆಗೆದಿದೆ ಎಂದು ಊರಿನವರಿಗೆ ಗೊತ್ತಿಲ್ಲದ್ದಲ್ಲ. ಆದರೆ ಬೀಚ್ ಬಿಟ್ಟರೆ ಬೇರೆ ಹೆಸರು ಹೇಳ್ಲಿಕ್ಕೆ ಯಾರೂ ತಯಾರಿಲ್ಲ. ಪೋಷಕರು ರೂಮಿನಲ್ಲಿ ಟಿವಿ ನೋಡಿ ಊರಿಗೆ ಮರಳುತ್ತಾರೆ.

ಎರಡು ಕ್ಯಾಲೆಂಡರ್

ಕಾಲೇಜಿನ ಕ್ಯಾಲೆಂಡರ್ ಮತ್ತು ಊರಿನ ಕ್ಯಾಲೆಂಡರ್ ಒಂದಕ್ಕೊಂದು ಹೊಂದುವುದಿಲ್ಲ. ಕರಾವಳಿಯ ಸಂಭ್ರಮವೆಲ್ಲ ದೀಪಾವಳಿಯ ಆಚೆ-ಈಚೆ ಶುರುವಾಗಿ ಮೇ ತಿಂಗಳಿಗೆ ಮುಗಿಯುತ್ತದೆ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕಂಬಳ ಚಳಿಗಾಲದ್ದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಬಂದರಿನಲ್ಲಿ ಬೋಟ್‌ಗಳೆಲ್ಲ ಲಂಗರು ಹಾಕಿರುತ್ತವೆ. ಕೃಷ್ಣ ಮಠದ ರಥೋತ್ಸವ ಕೂಡ ಮಳೆಗಾಲದಲ್ಲಿ ನಿಂತು, ಉತ್ಥಾನ ದ್ವಾದಶಿ, ಲಕ್ಷದೀಪೋತ್ಸವದ ಹೊತ್ತಿಗೆ ಮತ್ತೆ ಶುರುವಾಗುವುದು. ದೇವರ ತೇರೇ ಒಳಗೆ ಇರುವ ಕಾಲದಲ್ಲಿ ಕಾಲೇಜಿನ ಬಾಗಿಲು ತೆರೆಯುತ್ತದೆ.

ಪ್ರವಾಸೋದ್ಯಮದ ಬೋರ್ಡು, ಬ್ಯಾನರು, ಉತ್ಸವ ಎಲ್ಲ ಬಿಸಿಲಿನ ಲೆಕ್ಕಕ್ಕೆ ತಯಾರಾಗಿವೆ. ಆದರೆ ದೂರದೂರಿಂದ ದುಡ್ಡು ಇಟ್ಟುಕೊಂಡು, ಊರು ಹೇಗಿದೆ ಎಂದು ನೋಡುವ ಆಸೆಯಿಂದ ಬರುವ ಈ ದೊಡ್ಡ ಗುಂಪು ಬರುವುದು ಮಳೆಯಲ್ಲಿ. ಮಣಿಪಾಲಕ್ಕೆ, ಉಡುಪಿಗೆ ಬೇಕಿರುವುದು ಇನ್ನೊಂದು ಬೀಚ್ ಉತ್ಸವ ಅಲ್ಲ. ಮಳೆ ದಿನಕ್ಕೆ ಒಂದು ತಯಾರಿ.

ಅಂಗಡಿಯವರಿಗೆ ಇದರಲ್ಲಿ ಎಂತ ಉಂಟು?

ತುಂಬಾ ಉಂಟು. ಮಕ್ಕಳು ಒಮ್ಮೆ ಹಾಸ್ಟೆಲ್ ಸೇರಿದರೆ ಬೇಕಾದ್ದನ್ನೆಲ್ಲ ಮೊಬೈಲ್‌ನಲ್ಲೇ ತರಿಸುತ್ತಾರೆ. ಊಟವೂ ಆ್ಯಪ್‌ನಲ್ಲಿ, ಬಟ್ಟೆಯೂ ಆ್ಯಪ್‌ನಲ್ಲಿ. ಅಂಗಡಿಗೆ ಬಂದು, ಕೈಯಲ್ಲಿ ಮುಟ್ಟಿ ನೋಡಿ, ರೇಟು ಕೇಳಿ ಕೊಳ್ಳುವವರು ತಂದೆ-ತಾಯಿ. ಬಕೆಟ್, ಮಗ್, ಹಾಸಿಗೆ, ದಿಂಬು, ಕೊಡೆ, ರೈನ್‌ಕೋಟ್, ಒಗೆದ ಬಟ್ಟೆ ಕೋಣೆಯೊಳಗೇ ಒಣಗಿಸ್ಲಿಕ್ಕೆ ಹಗ್ಗ, ಕ್ಲಿಪ್ಪು. ಮಗಳ ಕೋಣೆಗೆ ಬೀಗ ತೆಗೆದುಕೊಳ್ಳುವಾಗ ಎರಡು ಸಲ ಎಳೆದು ನೋಡುವುದು ಅಮ್ಮನೇ. ಹೋಗುವಾಗ ಅಂಗಡಿಯವರ ಫೋನ್ ನಂಬರ್ ಬರೆದುಕೊಂಡು ಹೋಗುವವರೂ ಇದ್ದಾರೆ. "ಏನಾದರೂ ಆದರೆ ನೋಡಿಕೊಳ್ಳಿ" ಅನ್ನುವ ಮಾತಿನಲ್ಲಿ ವ್ಯಾಪಾರಕ್ಕಿಂತ ದೊಡ್ಡದು ಒಂದಿದೆ. ಊರಿನ ಮೇಲಿನ ನಂಬಿಕೆ ಅದು.

ಆ ನಂಬಿಕೆಯ ಬೆಲೆ ಮಣಿಪಾಲಕ್ಕೆ ಚೆನ್ನಾಗಿ ಗೊತ್ತಿರಬೇಕು. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದ್ದು ಬೋಳು ಗುಡ್ಡದ ಮೇಲೆ. 1957ಕ್ಕೆ ಎಂಜಿನಿಯರಿಂಗ್ ಕಾಲೇಜು ಬಂತು. ಕಾಲೇಜಿನ ಜೊತೆಗೆ ಸಿಂಡಿಕೇಟ್ ಬ್ಯಾಂಕಿನ ಪ್ರಧಾನ ಕಚೇರಿಯೂ ಊರಿಗೆ ಅನ್ನ ಕೊಟ್ಟಿತು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಗಿ ಮಕ್ಕಳು ಊರಿಗೆ ಹೋದರು. ಅದೇ ವರ್ಷ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಒಂದೇ ವಾರದೊಳಗೆ ಊರಿನ ಎರಡೂ ಕಂಬ ಅಲುಗಾಡಿದವು. ಕಾಲೇಜು ಬಾಗಿಲು ಹಾಕಿದರೆ ಮಣಿಪಾಲದ ರಸ್ತೆ ಹೇಗೆ ಕಾಣುತ್ತದೆ ಎಂದು ಅಂಗಡಿಯವರು ಆಗ ಕಣ್ಣಾರೆ ಕಂಡರು. ಆಮೇಲೆ ರಾಷ್ಟ್ರೀಯ ಹೆದ್ದಾರಿ 169ಎ ಅಗಲೀಕರಣ, ಇಂದ್ರಾಳಿ ರೈಲ್ವೆ ಸೇತುವೆ ಕಾಮಗಾರಿ ವರ್ಷಗಟ್ಟಲೆ ಎಳೆದದ್ದು ಬೇರೆ ಕಥೆ.

ಈಗ ಎಲ್ಲ ರಾಜ್ಯಗಳಲ್ಲೂ ಖಾಸಗಿ ವಿಶ್ವವಿದ್ಯಾಲಯಗಳು ಎದ್ದಿವೆ. ಎಲ್ಲಿಗೆ ಸೇರಿಸಬೇಕು ಎಂದು ತೀರ್ಮಾನಿಸುವಾಗ ಪೋಷಕರು ಫೀಸು, ರ‍್ಯಾಂಕಿಂಗ್ ನೋಡುತ್ತಾರೆ, ಮೊದಲೇ ಸೇರಿಸಿದವರನ್ನೂ ಕೇಳುತ್ತಾರೆ. "ಊರು ಹೇಗೆ?" ಎಂಬ ಪ್ರಶ್ನೆಗೆ ಅವರು ಹೇಳುವ ಉತ್ತರ ತಯಾರಾಗುವುದು ಆ ಒಂದೆರಡು ಮಳೆ ದಿನಗಳಲ್ಲಿ.

ಮಳೆಯಲ್ಲೂ ನೋಡಬಹುದಾದದ್ದು

ನೋಡ್ಲಿಕ್ಕೆ ಏನೂ ಇಲ್ಲ ಎಂಬುದು ತಪ್ಪು. ಇದ್ದದ್ದನ್ನು ಹೇಳುವವರಿಲ್ಲ, ಅಷ್ಟೇ.

ಮಣಿಪಾಲದಲ್ಲೇ ಕೆಎಂಸಿಯ ಅಂಗರಚನಾ ಮತ್ತು ರೋಗಶಾಸ್ತ್ರ ಮ್ಯೂಸಿಯಂ ಇದೆ. ಸಾರ್ವಜನಿಕರು ಟಿಕೆಟ್ ತೆಗೆದುಕೊಂಡು ನೋಡಬಹುದು. ಮೆಡಿಕಲ್‌ಗೆ ಮಗಳನ್ನು ಸೇರಿಸಿದ ಅಪ್ಪನಿಗೆ, ಮುಂದಿನ ವರ್ಷಗಳಲ್ಲಿ ಅವಳು ಎಂತದ್ದರ ನಡುವೆ ಓದುತ್ತಾಳೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇನ್ನೊಂದು. ಬಿದ್ದು ಹೋಗಬೇಕಿದ್ದ ಹಳೇ ಮನೆಗಳನ್ನು ಬಿಚ್ಚಿ ತಂದು, ಕಂಬ-ತೊಲೆ ಜೋಡಿಸಿ ಮತ್ತೆ ನಿಲ್ಲಿಸಿದ ಜಾಗ. ಮಿಯಾರಿನ ಮನೆಯೂ ಉಂಟು, ಕುಕನೂರಿನ ಕಮಲ ಮಹಲೂ ಉಂಟು. ಅಲ್ಲಿ ಮಾರ್ಗದರ್ಶಕರ ಜೊತೆಗೇ ನೋಡುವ ಕ್ರಮ, ಆದ್ದರಿಂದ ಸಮಯ ವಿಚಾರಿಸಿ ಹೋಗಬೇಕು. ಮಾಡು ಇಳಿಜಾರು ಯಾಕೆ, ಅಂಗಳ ಹೀಗೆ ಯಾಕೆ ಎಂಬುದು ಮಳೆ ಸುರಿಯುವಾಗಲೇ ಚೆನ್ನಾಗಿ ಅರ್ಥವಾಗುವುದು.

ಉಡುಪಿ ಪೇಟೆಗೆ ಸುಮಾರು ಐದು ಕಿಲೋಮೀಟರ್. ಕೃಷ್ಣ ಮಠ, ಕನಕನ ಕಿಂಡಿ, ಸುತ್ತಲಿನ ಅಷ್ಟಮಠಗಳು ಮಳೆಗಾಲದಲ್ಲೂ ಇದ್ದೇ ಇವೆ. ಗಂಡಸರು ಅಂಗಿ ತೆಗೆದು ಒಳಗೆ ಹೋಗುವ ಕ್ರಮ ಉತ್ತರದವರಿಗೆ ಗೊತ್ತಿರುವುದಿಲ್ಲ, ಮೊದಲೇ ಹೇಳಿದರೆ ಮುಜುಗರ ತಪ್ಪುತ್ತದೆ. ಮಧ್ಯಾಹ್ನದ ಭೋಜನ ಪ್ರಸಾದ ಉಂಟು. ಸಂಜೆ ರಾಜಾಂಗಣದಲ್ಲಿ ಆಗಾಗ ಸಂಗೀತ, ನೃತ್ಯ ಕಾರ್ಯಕ್ರಮ ಇರುತ್ತದೆ.

ಕಾರ್ಪೊರೇಷನ್ ಬ್ಯಾಂಕ್ ಸ್ಥಾಪಕ ಹಾಜಿ ಅಬ್ದುಲ್ಲಾ ಅವರ ಮನೆಯಲ್ಲಿರುವ ನಾಣ್ಯ ಮ್ಯೂಸಿಯಂ ಊರಿನ ಅರ್ಧ ಮಂದಿಯೇ ನೋಡಿರಲಿಕ್ಕಿಲ್ಲ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕ್ ಜೊತೆ ಸೇರಿತು. ಇಷ್ಟು ಸಣ್ಣ ಜಿಲ್ಲೆ ಎರಡೆರಡು ರಾಷ್ಟ್ರೀಯ ಬ್ಯಾಂಕು ಹುಟ್ಟಿಸಿತು ಎಂದರೆ ಹೊರಗಿನವರಿಗೆ ಆಶ್ಚರ್ಯವಾಗದೆ ಇರುವುದಿಲ್ಲ.

ಕಾರು ಇದ್ದವರಿಗೆ ಕಾರ್ಕಳ ಅರ್ಧ ದಿನದ ದಾರಿ. 1432ರ 42 ಅಡಿ ಗೊಮ್ಮಟನ ಮೆಟ್ಟಿಲು ಮಳೆಯಲ್ಲಿ ಜಾರುತ್ತದೆ, ವಯಸ್ಸಾದವರು ಜಾಗ್ರತೆ. 1586ರ ಚತುರ್ಮುಖ ಬಸದಿಯಲ್ಲಿ ಮಾತ್ರ ಕಲ್ಲಿನ ಮಾಡಿನ ಕೆಳಗೆ ಆರಾಮವಾಗಿ ನಿಲ್ಲಬಹುದು. ಮಕ್ಕಳ ವಿದ್ಯೆಗೆ ಹರಕೆ ಹೊತ್ತವರು ಕೊಲ್ಲೂರಿಗೆ ಹೇಗೂ ಹೋಗುತ್ತಾರೆ. ಆಗುಂಬೆಗೆ ಹೋಗ್ಲಿಕ್ಕೆ ಹೊರಟವರಿಗೆ ಮಾತ್ರ ಹೇಳಬೇಕು: ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುವ ಊರು ಅದು, ಘಾಟಿಯ ಸ್ಥಿತಿ ಕೇಳದೆ ಹೊರಡಬೇಡಿ.

ಮಳೆ ಸ್ವಲ್ಪ ಬಿಟ್ಟರೆ ಮಣ್ಣಪಳ್ಳದ ಸುತ್ತ ಒಂದು ನಡಿಗೆ. ಎಂಡ್ ಪಾಯಿಂಟ್‌ನಿಂದ ಕೆಳಗೆ ತುಂಬಿ ಹರಿಯುವ ಸ್ವರ್ಣಾ ನದಿ ನೋಡ್ಲಿಕ್ಕೆ ಆಗಸ್ಟ್ ತಿಂಗಳೇ ಸರಿ. ಬೇಸಿಗೆಯಲ್ಲಿ ಆ ಹಸಿರು ಸಿಗುವುದಿಲ್ಲ. ಇನ್ನು ಸೆಪ್ಟೆಂಬರ್‌ಗೆ ಬರುವ ಪೋಷಕರಿಗೆ ಅದೃಷ್ಟ ಇದ್ದರೆ ಅಷ್ಟಮಿ, ವಿಟ್ಲಪಿಂಡಿ ಸಿಗುತ್ತದೆ. ಸೌರಮಾನದ ಲೆಕ್ಕದಿಂದ ಕೆಲವು ವರ್ಷ ಉಡುಪಿಯ ಅಷ್ಟಮಿ ಸೆಪ್ಟೆಂಬರ್‌ನಲ್ಲಿ ಬರುತ್ತದೆ. ರಥಬೀದಿಯ ಮೊಸರು ಕುಡಿಕೆ, ಪೇಟೆ ತುಂಬ ಹುಲಿವೇಷ ನೋಡಿದವರು ಮರೆಯುವುದಿಲ್ಲ.

ಊಟದಲ್ಲೂ ಅದೇ ತಪ್ಪು

ಹೊರಗಿನವರು ಬಂದರೆ ಗಡ್‌ಬಡ್ ಐಸ್‌ಕ್ರೀಮ್ ತಿನ್ನಿಸುವುದು ಉಡುಪಿಯ ಮರ್ಯಾದೆ. ತಪ್ಪಲ್ಲ. ಆದರೆ ಜಡಿಮಳೆಯಲ್ಲಿ ನೆನಪಾಗಬೇಕಾದ್ದು ಬಿಸಿ ಗೋಳಿಬಜೆ, ಬನ್ಸ್. ಆಟಿ ತಿಂಗಳಲ್ಲಿ ಮನೆಮನೆಯಲ್ಲಿ ಪತ್ರೊಡೆ ಬೇಯುತ್ತದೆ, ಕಣಿಲೆ ಪಲ್ಯ ಆಗುತ್ತದೆ, ಹಲಸಿನ ಎಲೆಯ ಕೊಟ್ಟೆ ಕಡುಬು, ತಿಮರೆ ಚಟ್ನಿ ಇರುತ್ತದೆ. ಪೋಷಕರು ಕೂರುವ ಹೋಟೆಲಿನ ಮೆನುವಿನಲ್ಲಿ ಸಿಗುವುದು ಪನೀರ್ ಬಟರ್ ಮಸಾಲಾ. ದಿಲ್ಲಿಯವರು ಅದನ್ನು ತಿನ್ನಲು ಉಡುಪಿಗೆ ಬರಬೇಕಿರಲಿಲ್ಲ. ಸಂಘ-ಸಂಸ್ಥೆಗಳು "ಆಟಿಡೊಂಜಿ ದಿನ" ಮಾಡಿ ಬಗೆಬಗೆ ಅಡುಗೆ ಬಡಿಸುತ್ತವೆ, ಉಣ್ಣುವವರು ಮಾತ್ರ ಊರಿನವರೇ. ಅದೇ ಅಡುಗೆಯಲ್ಲಿ ನಾಲ್ಕು ಐಟಂ ಜುಲೈ-ಆಗಸ್ಟ್‌ನ ಶನಿವಾರ-ಭಾನುವಾರ ಹೋಟೆಲ್‌ನಲ್ಲಿ ಕೊಟ್ಟರೆ ಮಾಡುವವರಿಗೆ ಕೆಲಸ, ತಿನ್ನುವವರಿಗೆ ಹೊಸ ರುಚಿ.

ಕೋಟಿ ರೂಪಾಯಿ ಬೇಡ

ಆಗಬೇಕಾದ ಕೆಲಸ ದೊಡ್ಡದಲ್ಲ. ಮಣಿಪಾಲದ ಬಸ್‌ಸ್ಟ್ಯಾಂಡ್ ಬಳಿ ಲಗೇಜ್ ಇಡುವ ಒಂದು ಕೋಣೆ, ಅದರ ಪಕ್ಕ ಶುಚಿಯಾದ ಶೌಚಾಲಯ. ಬೆಳಿಗ್ಗೆ ರೂಮು ಖಾಲಿ ಮಾಡಿ ರಾತ್ರಿ ರೈಲಿಗೆ ಕಾಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಕೊಂಕಣ ರೈಲ್ವೆಗೆ ಮಳೆಗಾಲದಲ್ಲಿ ಬೇರೆಯೇ ವೇಳಾಪಟ್ಟಿ ಉಂಟು ಎಂದು ಎಷ್ಟೋ ಪೋಷಕರಿಗೆ ಗೊತ್ತಿರುವುದಿಲ್ಲ. ಅದನ್ನು ಹೋಟೆಲ್ ಕೌಂಟರ್‌ನಲ್ಲಿ ಅಂಟಿಸ್ಲಿಕ್ಕೆ ಒಂದು ಹಾಳೆ ಸಾಕು. ಅದೇ ಹಾಳೆಯಲ್ಲಿ ಮ್ಯೂಸಿಯಂಗಳ ಸಮಯ, ರಿಕ್ಷಾ ದರ, ಸಿಟಿ ಬಸ್ ಎಲ್ಲಿ ಹತ್ತಬೇಕು ಎಂಬುದನ್ನೂ ಹಾಕಬಹುದು. ಶಕ್ತಿ ಯೋಜನೆಯಲ್ಲಿ ಉಡುಪಿಯವರೆಗೆ ದುಡ್ಡು ಕೊಡದೆ ಬಂದ ಕಲಬುರಗಿಯ ಅಥವಾ ಹಾಸನದ ಅಮ್ಮನಿಗೆ, ಇಲ್ಲಿನ ಖಾಸಗಿ ಸಿಟಿ ಬಸ್‌ನಲ್ಲಿ ದುಡ್ಡು ಕೊಡಬೇಕು ಎಂದು ಮೊದಲೇ ತಿಳಿದರೆ ಕಂಡಕ್ಟರ್ ಜೊತೆ ಜಗಳ ಇಲ್ಲ.

ಮೇಳಗಳು ತಿರುಗಾಟದಲ್ಲಿ ಇಲ್ಲದ ತಿಂಗಳುಗಳಲ್ಲಿ ಕಲಾವಿದರಿಗೆ ಸಂಪಾದನೆ ಕಮ್ಮಿ. ಇಂದ್ರಾಳಿಯಲ್ಲಿ ಯಕ್ಷಗಾನ ಕೇಂದ್ರವೇ ಇದೆ. ಅಡ್ಮಿಷನ್ ವಾರಗಳಲ್ಲಿ ಸಂಜೆ ಒಂದು ಗಂಟೆಯ ಪ್ರಸಂಗ, ಟಿಕೆಟ್ ಇಟ್ಟೇ, ಒಳಾಂಗಣದಲ್ಲಿ ಆಡಿಸಿದರೆ ಎರಡೂ ಕಡೆಗೆ ಲಾಭ. ವಿಶ್ವವಿದ್ಯಾಲಯ, ನಗರಸಭೆ, ಹೋಟೆಲಿನವರು, ವರ್ತಕರು ಮೇ ತಿಂಗಳಲ್ಲಿ ಒಂದು ದಿನ ಒಟ್ಟಿಗೆ ಕೂತರೆ ಇಷ್ಟೂ ಆಗುತ್ತದೆ.

"ವರ್ಷಕ್ಕೆ ಎರಡು ತಿಂಗಳು ಬರುವವರಿಗೆ ಇಷ್ಟೆಲ್ಲ ಯಾಕೆ?" ಎಂದು ಕೇಳುವವರು ಇರಬಹುದು. ಆ ಎರಡು ತಿಂಗಳಲ್ಲಿ ಬಂದವರು ಅಲ್ಲಿಗೆ ಮುಗಿಸುವುದಿಲ್ಲ. ಎಂಜಿನಿಯರಿಂಗ್ ನಾಲ್ಕು ವರ್ಷ, ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ. ನಡುವೆ ಮಗನಿಗೆ ಜ್ವರ ಬಂದಾಗ ಬರುತ್ತಾರೆ, ಪಿಜಿ ಬದಲಿಸುವಾಗ ಬರುತ್ತಾರೆ. ಕೊನೆಗೆ ಸಾಮಾನ್ಯವಾಗಿ ನವೆಂಬರ್‌ನಲ್ಲಿ ನಡೆಯುವ ಘಟಿಕೋತ್ಸವಕ್ಕೆ ಅಜ್ಜ-ಅಜ್ಜಿಯರನ್ನೂ ಕರೆದುಕೊಂಡು ಬರುತ್ತಾರೆ. ಆಗ ಕಡಲು ತೆರೆದಿರುತ್ತದೆ, ದ್ವೀಪಕ್ಕೆ ಬೋಟ್ ಇರುತ್ತದೆ, ರಥಬೀದಿಯಲ್ಲಿ ತೇರು ಓಡುತ್ತದೆ. ಆ ಹೊತ್ತಿಗೆ ಅವರು ಒಂದು ದಿನ ಹೆಚ್ಚು ಉಳಿಯುತ್ತಾರೋ, ಘಟಿಕೋತ್ಸವ ಮುಗಿದ ಕೂಡಲೇ ಏರ್‌ಪೋರ್ಟ್ ಟ್ಯಾಕ್ಸಿ ಹತ್ತುತ್ತಾರೋ ಎಂಬುದು ಮೊದಲ ಸಲ ಮಳೆಯಲ್ಲಿ ಬಂದಾಗ ಊರು ಅವರನ್ನು ಹೇಗೆ ನೋಡಿಕೊಂಡಿತು ಎನ್ನುವುದರ ಮೇಲೆ ಉಂಟು.